ಮುಖದಲ್ಲಿ ಬೆಳಕಿತ್ತು

ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿ ಹೊರಗೆ ಬಂದಾಗ ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. ಮುಖ ಹೇಗಿತ್ತು? ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಒಳ್ಳೆಯದು ಕಂಡರೆ ಹೇಳಬಹುದು, ಬೇರೆ ಏನು ಕಂಡರೂ ಮುಚ್ಚಿಡಬೇಕು. ಮಸೀದಿಯ ಹಿಂದಿನ ಕೋಣೆಯಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಸಂಜೆ ಪಾಠದಲ್ಲಿ ಹದಿನೆಂಟು ವರ್ಷಗಳ ಹಿಂದೆ ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದೆ. ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ಈಗಲೂ ಯಾರದಾದರೂ ಮನೆಯಿಂದ ಕರೆ ಬಂದರೆ ಹೊರಡುವ ಮುಂಚೆ ಆ ನೋಟ್‌ಬುಕ್ಕನ್ನು ಒಮ್ಮೆ ಓದಿಕೊಳ್ಳುತ್ತೇನೆ. ಬಲಗಡೆಯಿಂದ ಶುರು. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಟ್ಟೆ ಸರಿಯಬಾರದು. ಕೈಗೆ ಬಟ್ಟೆ ಸುತ್ತಿಕೊಂಡೇ ತೊಳೆಯಬೇಕು. ಕೊನೆಯ ನೀರಿಗೆ ಕರ್ಪೂರ.

ಹೊಟ್ಟೆಪಾಡು ನಡೆಯುವುದು ಹೊಲಿಗೆಯಿಂದ. ಓಣಿಯವರಿಗೆ ನಾನು ಟೈಲರಮ್ಮ. ಮದುವೆಯ ಬಟ್ಟೆಯನ್ನೂ ಹೊಲಿಯುತ್ತೇನೆ, ಹೆಣಕ್ಕೆ ಹೊದಿಸುವ ಕಫನ್ ಬಟ್ಟೆಯನ್ನೂ ಅಳೆದು ಕತ್ತರಿಸುತ್ತೇನೆ. ಎರಡಕ್ಕೂ ಒಂದೇ ಟೇಪು, ಕತ್ತರಿ ಮಾತ್ರ ಬೇರೆ.

ಓಣಿಯಲ್ಲಿ ಬಟ್ಟೆ ಉಜ್ಜಿಕೊಡುವ ಇಸ್ತ್ರಿಯಮ್ಮನ ಹಿರಿಮಗಳು ತೀರಿಕೊಂಡ ದಿನ ನನ್ನ ಜೊತೆ ನೀರು ಹುಯ್ಯಲು ಬಂದವಳು ಚೊಂಬಜ್ಜಿ. ಮೂವತ್ತು ವರ್ಷದಿಂದ ಅವಳದು ಅದೇ ಕೆಲಸ, ಅದೇ ಹಿತ್ತಾಳೆ ಚೊಂಬು. ಕಣ್ಣಿಗೆ ಪೊರೆ ಬಂದಿದೆ. ದಪ್ಪ ಗಾಜಿನ ಕನ್ನಡಕವಿದ್ದರೂ ಬಿಸಿನೀರಿನ ಹಬೆಗೆ ಮಂಜಾಗುತ್ತದೆಂದು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

"ನೋಡೋಕೆ ನೀನಿದ್ದೀಯ, ಹುಯ್ಯೋಕೆ ನಾನಿದ್ದೀನಿ," ಎನ್ನುವುದು ಅವಳ ಮಾಮೂಲಿ ಮಾತು. "ಇಬ್ಬರೂ ನೋಡಿದ್ರೆ ಹುಯ್ಯೋರು ಯಾರು?"

ಆ ಕನ್ನಡಕವನ್ನು ಅವಳಿಗೆ ಕೊಟ್ಟವನು ತೀರಿಕೊಂಡವಳ ಗಂಡನೇ. ಮುಖ್ಯ ರಸ್ತೆಯಲ್ಲಿ ಅವನದು ಕನ್ನಡಕದ ಅಂಗಡಿ. ಮುದುಕರ ಮೂಗಿಗೆ ಫ್ರೇಮನ್ನು ತಾನೇ ಕೂರಿಸಿ, ಕಿವಿಯ ಹಿಂದೆ ನೋಯುತ್ತದೆಯೇ ಎಂದು ಮೂರು ಸಲ ಕೇಳುವವನು. ನಮಾಜಿನಲ್ಲಿ ಮೊದಲ ಸಾಲಿನವನು. ಜೋರಾಗಿ ಮಾತಾಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ.

ಕೋಣೆಯಲ್ಲಿ ನಾವು ಮೂವರು. ಮೂರನೆಯವಳು ಅವನ ಸೋದರಿ, ಅಂದರೆ ಸತ್ತವಳ ನಾದಿನಿ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತಾಯಿಗೆ ಒಳಗೆ ಬರುವ ಧೈರ್ಯವಾಗಲಿಲ್ಲ, ಹೊರಗೆ ಕುಳಿತಿದ್ದಳು.

ಜ್ವರ ರಕ್ತಕ್ಕೇರಿ ನಂಜಾಯಿತು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಐದನೆಯ ದಿನ ಕರೆದುಕೊಂಡು ಹೋಗಿದ್ದರಂತೆ. ಇಪ್ಪತ್ತಾರು ವರ್ಷ. ಹನ್ನೊಂದು ತಿಂಗಳ ಹೆಣ್ಣುಮಗು.

ಬೆನ್ನು ತೊಳೆಯಲು ಮಗ್ಗುಲಿಗೆ ತಿರುಗಿಸಿದಾಗ ನೀಲಿ ಕಂಡಿತು. ಅದಕ್ಕೆ ನಾನು ಬೆಚ್ಚಲಿಲ್ಲ. ಅಂಗಾತ ಮಲಗಿದ ಮಯ್ಯತ್ತಿನ, ಅಂದರೆ ಹೆಣದ, ಬೆನ್ನಿಗೆ ರಕ್ತ ಇಳಿದು ನೀಲಿ ಕಟ್ಟುವುದು ಸಹಜ, ಅದೂ ನೋಟ್‌ಬುಕ್ಕಿನಲ್ಲಿದೆ. ಆದರೆ ತೋಳನ್ನು ಎತ್ತಿದಾಗ ಒಳಮಗ್ಗುಲಲ್ಲಿ ನಾಲ್ಕು ಗುಂಡು ಕಲೆಗಳು ಸಾಲಾಗಿದ್ದವು, ಎದುರಿಗೆ ಒಂದು. ನಾಲ್ಕು ಬೆರಳು, ಒಂದು ಹೆಬ್ಬೆರಳು. ಅವುಗಳ ಕೆಳಗೆ ಹಳೆಯವು ಇನ್ನಷ್ಟು. ಪಕ್ಕೆಯ ಮೇಲೆ ಕೈಯಗಲದ ಒಂದು ಪಟ್ಟೆ. ಹಳೆಯ ಕಲೆಗಳು ಹಳದಿಗೆ ತಿರುಗಿದ್ದವು. ಸತ್ತ ಮೇಲೆ ಇಳಿದ ರಕ್ತ ಹಳದಿಯಾಗುವುದಿಲ್ಲ. ಹಳದಿಯಾಗಲು ಮನುಷ್ಯ ಬದುಕಿರಬೇಕು, ದಿನಗಳು ಕಳೆಯಬೇಕು.

ನನ್ನ ಕೈ ನಿಂತಿತು. ಚೊಂಬಜ್ಜಿಗೆ ನೀರಿನ ಸದ್ದಿನಲ್ಲೇ ಅದು ತಿಳಿಯಿತು.

"ಯಾಕೆ ನಿಲ್ಲಿಸ್ದೆ? ನೀರು ಆರುತ್ತೆ."

ಬಾಗಿಲ ಬಳಿಯಿಂದ ನಾದಿನಿ ಹೇಳಿದಳು. "ಟೈಲರಕ್ಕ, ಇಲ್ಲಿ ಕಂಡಿದ್ದು ಇಲ್ಲೇ ಅಲ್ವಾ? ನಿಮಗೆ ಹೇಳಿಕೊಡ್ಬೇಕಾ?"

"ಗೊತ್ತಿದೆ," ಎಂದೆ. ನಿಯಮವನ್ನು ಅವಳು ನನಗೆ ನೆನಪಿಸಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಕೂದಲನ್ನು ಮೂರು ಜಡೆ ಮಾಡಿ, ಐದು ಬಟ್ಟೆ ಹೊದಿಸಿ ಹೊರಗೆ ಬಂದೆ. ಇಸ್ತ್ರಿಯಮ್ಮ ನನ್ನ ಒದ್ದೆ ಸೆರಗು ಹಿಡಿದುಕೊಂಡಳು.

"ಮುಖ ಹೇಗಿತ್ತೇ?"

"ಮುಖದಲ್ಲಿ ಬೆಳಕಿತ್ತಕ್ಕ," ಎಂದೆ.

ಎಲ್ಲ ಮನೆಯಲ್ಲೂ ಹಾಗೇ ಹೇಳುತ್ತೇನೆ. ಆ ತಾಯಿ ನನ್ನ ಸೆರಗಿಗೆ ಮುಖ ಒತ್ತಿಕೊಂಡು ಅತ್ತಳು. ಸುತ್ತ ಕುಳಿತಿದ್ದ ಹೆಂಗಸರು ಕೈಯೆತ್ತಿ ದುಆ ಮಾಡಿದರು. ನಾನು ಕೈ ತೊಳೆದುಕೊಂಡು ಮನೆಗೆ ಬಂದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಇಸ್ತ್ರಿಯಮ್ಮ ನನ್ನ ಅಂಗಡಿಗೆ ಬಂದಳು. ಕಂಕುಳಲ್ಲಿ ತಿಳಿ ಗುಲಾಬಿ ಬಣ್ಣದ ಬಟ್ಟೆ. ಸ್ಟೂಲಿನ ಮೇಲೆ ಕುಳಿತು ಬಟ್ಟೆಯನ್ನು ನನ್ನ ಮೆಷಿನ್ನಿನ ಮೇಲಿಟ್ಟಳು.

"ಚಿಕ್ಕವಳಿಗೆ ಹೊಲಿಬೇಕು. ನಿಕಾಹ್ ಗೊತ್ತು ಮಾಡಿದೀವಿ."

"ಒಳ್ಳೇದಾಯ್ತು. ಹುಡುಗ ಯಾರು?"

"ಹೊರಗಿನವನಲ್ಲ. ಅಳಿಯನಿಗೇ." ಅವಳು ನನ್ನ ಮುಖ ನೋಡಲಿಲ್ಲ. "ಮಗೂಗೆ ತಾಯಿ ಬೇಕಲ್ಲ. ಚಿಕ್ಕಮ್ಮನೇ ತಾಯಿ ಆದ್ರೆ ಅದಕ್ಕೆ ಮಲತಾಯಿ ಕಾಟ ಇರಲ್ಲ. ಜನ ಒಂದೊಂದು ಮಾತಾಡ್ತಾರೆ, ಆಡ್ಲಿ. ನಾನು ಹೇಳ್ದೆ, ನನ್ನ ಮಗಳು ಗಂಡನ ಮನೇಲಿ ನೆಮ್ಮದಿಯಾಗೇ ಹೋದ್ಲು. ಇಲ್ಲದಿದ್ರೆ ಮುಖದಲ್ಲಿ ಬೆಳಕು ಎಲ್ಲಿಂದ ಬರುತ್ತೆ? ಟೈಲರಮ್ಮನೇ ನೋಡಿದಾಳೆ, ಅವಳು ಬಾಯಿಬಿಟ್ಟು ಸುಳ್ಳು ಹೇಳೋಳಲ್ಲ."

ಕಾಲು ಪೆಡಲಿನ ಮೇಲಿತ್ತು. ಒತ್ತಿಬಿಟ್ಟೆನೋ ಏನೋ, ಬಟ್ಟೆಯಿಲ್ಲದ ಸೂಜಿ ನಾಲ್ಕು ಸಲ ಖಾಲಿ ಹೊಲಿಯಿತು.

ನಾನು ಹೇಳಿದ್ದು ಇಷ್ಟೇ: "ಅಳತೆಗೆ ಚಿಕ್ಕವಳನ್ನ ಕಳಿಸಕ್ಕ."

ಅವಳು ಹೋದ ಮೇಲೆ ನೋಟ್‌ಬುಕ್ ತೆಗೆದೆ. ಎರಡು ಗೆರೆ ಎಳೆದ ಆ ಸಾಲಿನ ಮುಂದೆ ಏನಾದರೂ ಬರೆದಿದ್ದೇನೆಯೇ, ಇಂಥ ಸಂದರ್ಭದಲ್ಲಿ ಹೀಗೆ ಎಂದು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಬರೆದುಕೊಳ್ಳುವಾಗ ಬಿಟ್ಟೆನೋ, ಪಾಠ ಮಾಡಿದವರು ಹೇಳಲೇ ಇಲ್ಲವೋ. ಆ ವಾರ ನಾನು ಎರಡು ಬಟ್ಟೆಗಳ ಕುತ್ತಿಗೆ ತಪ್ಪಾಗಿ ಕತ್ತರಿಸಿದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯ ಸಂಗತಿ. ಹಿರಿಯವಳು ಮದುವೆಗೆ ಮುಂಚೆ ಮನೆಯಲ್ಲಿ ಹಾಕುವ ಬಟ್ಟೆಗೆ ಮೊಣಕೈವರೆಗಿನ ತೋಳು ಇಡಿಸುತ್ತಿದ್ದಳು. ಮದುವೆಯಾಗಿ ಆರು ತಿಂಗಳಿಗೆ ಹಳೆಯ ಬಟ್ಟೆಗಳನ್ನೆಲ್ಲ ಚೀಲದಲ್ಲಿ ತಂದು, ಮಣಿಕಟ್ಟಿನವರೆಗೆ ತೋಳು ಜೋಡಿಸಿಕೊಡಿ ಎಂದಳು. ಮನೆಯೊಳಗೆ ಹಾಕುವವಕ್ಕೂ, ಬೇಸಿಗೆಯಲ್ಲೂ. "ಏನಮ್ಮ, ಗೋಡೆ ಮುಂದೆಯೂ ಮರ್ಯಾದೆನಾ?" ಎಂದು ತಮಾಷೆ ಮಾಡಿದ್ದೆ. ಅವಳು ನಕ್ಕಿದ್ದಳು. ಒಂಬತ್ತು ಜೊತೆ ತೋಳು. ಬಣ್ಣ ಹೊಂದಿಸಿ, ಜೋಡಣೆ ಕಾಣದ ಹಾಗೆ ಹೊಲಿದುಕೊಟ್ಟಿದ್ದೆ.

ಶುಕ್ರವಾರದ ನಮಾಜು ಮುಗಿದು ಜನ ಕರಗಿದ ಮೇಲೆ ಮಸೀದಿಗೆ ಹೋದೆ. ಮೌಲವಿಗಳು ಕೈಕಾಲು ತೊಳೆಯುವ ಸಾಲಿನಲ್ಲಿ ಪ್ಯಾಂಟು ಮಡಚಿ ಕುಳಿತು ಸೋರುವ ನಲ್ಲಿಗೆ ವಾಷರ್ ಹಾಕುತ್ತಿದ್ದರು. ಯಾವುದೋ ಊರಿನ ಕತೆ ಎಂಬಂತೆ ಹೇಳಿದೆ. ಒಬ್ಬಳು ತೊಳೆಯುವವಳು, ಒಂದು ಮಯ್ಯತ್ತು, ಒಂದಿಷ್ಟು ಕಲೆ.

ಅವರು ನಲ್ಲಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ತೀರಿಕೊಂಡೋರ ಕೊರತೆ ಮುಚ್ಚು ಅಂತ ಇರೋದು, ತಂಗಿ. ಏಟು ತಿಂದಿದ್ದು ತಿಂದವಳ ಕೊರತೆನಾ? ಆ ತೊಳೆಯೋಳು ಹೊದಿಸಿದ ಬಟ್ಟೆ ಯಾರನ್ನ ಮುಚ್ತಾ ಇದೆ ಅಂತ ನೋಡಿಕೊಳ್ಳಲಿ."

"ಅದು ಚಾಡಿ ಆಗಲ್ವಾ?"

"ಸಂಬಂಧ ಮಾಡೋರು ಕೇಳಿದ್ರೆ, ಗೊತ್ತಿದ್ದೋರು ಹೇಳ್ಬೇಕು. ಅದು ಕಡ್ಡಾಯ, ಚಾಡಿ ಅಲ್ಲ."

"ಅವಳನ್ನ ಯಾರೂ ಕೇಳಿಲ್ಲ."

"ಮನೆಗೆ ಬೆಂಕಿ ಬಿದ್ದೋರು ಬಂದು ಅರ್ಜಿ ಕೊಡಲಿ ಅಂತ ಕೂತಿದ್ದಾಳಾ?"

ಮಗುವಿನ ಮಾತೂ ಕೇಳಿದೆ. ತಾಯಿ ಇಲ್ಲದ ಎಳೆಮಗುವಿನ ಮೇಲೆ ಮೊದಲ ಹಕ್ಕು ತಾಯಿಯ ತಾಯಿಗೆ ಎಂದರು. ಧೈರ್ಯ ಮಾಡಿ, "ನೀವೇ ಒಂದು ಮಾತು ಹೇಳಿದ್ರೆ..." ಎಂದೆ. ಅವರು ನಲ್ಲಿ ಬಿಟ್ಟು ನೋಡಿದರು. ಇನ್ನೂ ತೊಟ್ಟಿಕ್ಕುತ್ತಿತ್ತು. "ನಾನು ನೋಡಿಲ್ಲ. ನೋಡದ್ದು ಹೇಳಿದ್ರೆ ಅದು ಅಪವಾದ," ಎಂದರು. ಯಾರ ಮನೆಯ ಮಾತೆಂದು ಅವರು ಕೇಳಲೇ ಇಲ್ಲ. ಮಸೀದಿಯ ಹೊಸ ನೆಲಹಾಸು ಹಾಕಿಸಿದವನು ಕನ್ನಡಕದ ಅಂಗಡಿಯವನೆಂದು ಇಬ್ಬರಿಗೂ ಗೊತ್ತಿತ್ತು.

ಅಲ್ಲಿಂದ ನೇರ ಇಸ್ತ್ರಿ ಅಂಗಡಿಗೆ ಹೋದೆ. ನಿಂತರೆ ಧೈರ್ಯ ಆರಿಹೋಗುತ್ತದೆಂದು ಗೊತ್ತಿತ್ತು. ಇಸ್ತ್ರಿಯಮ್ಮ ಯಾರದೋ ಬಿಳಿ ಅಂಗಿ ಉಜ್ಜುತ್ತಿದ್ದಳು. ಹೇಳಿದೆ. ಎಷ್ಟು ಕಲೆ, ಎಲ್ಲೆಲ್ಲಿ, ಯಾವ ಬಣ್ಣ, ಎಲ್ಲವನ್ನೂ. ಅವಳ ಕೈ ನಿಲ್ಲಲಿಲ್ಲ. ಕಾಲರು, ತೋಳು, ಗುಂಡಿಯ ಪಟ್ಟಿ. ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು ಇನ್ನೊಂದನ್ನು ಎಳೆದುಕೊಂಡಳು.

"ನಂಗೆ ಗೊತ್ತಿತ್ತು," ಎಂದಳು.

ಅಂಗಿಯ ಸುಕ್ಕಿಗೆ ನೀರು ಚಿಮುಕಿಸಿದಳು.

"ಬಾಣಂತನಕ್ಕೆ ಬಂದಾಗ ತಲೆಗೆ ನೀರು ಹಾಕ್ದೆ. ಆಗಲೇ ನೋಡಿದ್ದೆ. ಕೇಳ್ದೆ, ಹೇಳಿದ್ಲು. ನಾನೇನಂದೆ ಗೊತ್ತಾ? ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂದೆ. ಸಬರ್ ಮಾಡು, ತಾಳ್ಮೆ ಇದ್ದೋರ ಜೊತೆ ದೇವರಿರ್ತಾನೆ ಅಂದೆ. ನಲವತ್ತು ದಿನ ಆದಮೇಲೆ ನಾನೇ ಕೈಹಿಡಿದು ಬಿಟ್ಟು ಬಂದೆ."

"ಹಾಗಾದ್ರೆ ಚಿಕ್ಕವಳನ್ನ ಯಾಕಕ್ಕ..."

"ಮಗು." ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ನಾದಿನಿ ಬಂದು ಹೇಳಿ ಹೋಗಿದಾಳೆ. ಚಿಕ್ಕವಳು ಬಂದ್ರೆ ಮಗು ನಿಮ್ಮದೂ ಹೌದು. ಬರದಿದ್ರೆ ಹೊಸಿಲು ತುಳಿಬೇಡಿ ಅಂತ. ನನ್ನ ಮಗಳ ಮೂಗು ಕಣೇ ಅದರದ್ದು."

"ಆ ಮಗು ಮೇಲೆ ಮೊದಲ ಹಕ್ಕು ನಿನ್ನದೇ. ಮೌಲವಿಗಳು ಹೇಳಿದ್ರು."

"ಹಕ್ಕು." ಅವಳು ನಕ್ಕಳು. "ಅದನ್ನ ತಂದುಕೊಡೋಕೆ ಯಾರು ಬರ್ತಾರೆ, ನೀನು ಬರ್ತೀಯಾ, ಟೇಪು ಹಿಡ್ಕೊಂಡು?"

ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಬೇರೆಯ ದನಿಯಲ್ಲಿ ಹೇಳಿದಳು. "ನಿನ್ನ ಒಂದು ಮಾತಿನ ಮೇಲೆ ಎರಡು ತಿಂಗಳು ಬದುಕಿದೀನಿ. ಮುಖದಲ್ಲಿ ಬೆಳಕಿತ್ತು ಅಂದಿಯಲ್ಲ. ಅವಳು ನನ್ನ ಮೇಲೆ ಸಿಟ್ಟಿಟ್ಕೊಂಡು ಹೋಗಿಲ್ಲ ಅಂತ ಅಂದ್ಕೊಂಡಿದ್ದೆ. ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ? ಚಿಕ್ಕವಳ ಹತ್ರ ಬಾಯಿಬಿಟ್ಟರೆ ನನ್ನಾಣೆ."

ಬಾಯಿಬಿಡಬಾರದು ಎಂದೇ ಇದ್ದೆ. ಮಂಗಳವಾರ ಚಿಕ್ಕವಳು ಅಳತೆಗೆ ಬಂದಳು. ಪುಸ್ತಕ ಕಟ್ಟುವ ಕಡೆ ಕೆಲಸ ಮಾಡುತ್ತಾಳೆ, ಬೆರಳ ತುದಿಗಳಲ್ಲಿ ಅಂಟು ಒಣಗಿ ಸಿಪ್ಪೆ ಎದ್ದಿತ್ತು. ಇಪ್ಪತ್ತೆರಡು ವರ್ಷ. ಅಕ್ಕನಿಗಿಂತ ಬಾಯಿ ಜೋರು. ನನ್ನನ್ನು ಕರೆಯುವುದು ಚಿಕ್ಕಮ್ಮ ಎಂದು.

"ಚಿಕ್ಕಮ್ಮ, ಸೊಂಟ ಬಿಗಿ ಹಿಡಿಬೇಡಿ. ಮದುವೆ ಊಟ ನಾನೂ ಮಾಡ್ಬೇಕು."

ಭುಜ ಅಳೆದೆ, ಎದೆ ಅಳೆದೆ. ಎಡತೋಳಿಗೆ ಟೇಪು ಇಟ್ಟಾಗ ಅವಳು ಹೇಳಿದಳು. "ತೋಳು ಮಣಿಕಟ್ಟಿನವರೆಗೂ ಇರಲಿ ಅಂತ ಆ ಮನೆಯಿಂದ ಹೇಳಿ ಕಳಿಸಿದಾರೆ. ಎಲ್ಲ ಬಟ್ಟೆಗೂ." ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕನೂ ಹಾಗೇ ಮಾಡಿಸಿಕೊಂಡಿದ್ಲು ಅಲ್ವಾ? ನಂಗೆ ತೋಳು ಮೇಲೆತ್ತಿ ಒಂದು ಸಲವೂ ತೋರಿಸಲಿಲ್ಲ. ಚಿಕ್ಕಮ್ಮ, ನಿಮಗೆ ಮಗಳಿದ್ದಿದ್ರೆ ಆ ಮನೆಗೆ ಕೊಡ್ತಿದ್ರಾ?"

ಕೇಳಿದರೆ ಹೇಳಬೇಕು. ಕಡ್ಡಾಯ. ತಾಯಿ ಇಟ್ಟ ಆಣೆ ಒಂದು ಕಡೆ. ಯಾವುದು ದೊಡ್ಡದೆಂದು ಯೋಚಿಸುವಷ್ಟು ಹೊತ್ತು ಟೇಪು ಅವಳ ತೋಳಿನ ಮೇಲೆಯೇ ಇತ್ತು.

"ಕೊಡ್ತಿರಲಿಲ್ಲ," ಎಂದೆ. ಯಾಕೆಂದೂ ಹೇಳಿದೆ.

ಅವಳು ಅಳಲಿಲ್ಲ. ಟೇಪನ್ನು ತಾನೇ ತೆಗೆದು ಸುರುಳಿ ಸುತ್ತಿ ಮೆಷಿನ್ನಿನ ಮೇಲಿಟ್ಟು ಹೋದಳು. ಬಲತೋಳಿನ ಅಳತೆ ಉಳಿಯಿತು. ಎಡದಷ್ಟೇ ಎಂದು ಬರೆದುಕೊಂಡೆ.

ಅವಳು ಬೇಡವೆನ್ನುತ್ತಾಳೆ, ಒಂದೆರಡು ದಿನದಲ್ಲಿ ಓಣಿಗೆಲ್ಲ ಗೊತ್ತಾಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ನಿಕಾಹ್ ದಿನ ಬಂತು. ಬಟ್ಟೆ ತೊಡಿಸಲು ನನ್ನನ್ನೇ ಕರೆದರು. ಬರಬೇಡ ಎಂದು ಇಸ್ತ್ರಿಯಮ್ಮ ಹೇಳಲಿಲ್ಲ. ಬಾ ಎಂದೂ ಹೇಳಲಿಲ್ಲ.

ಕೋಣೆಯಲ್ಲಿ ಹೆಂಗಸರು ತುಂಬಿದ್ದರು. ಗಂಡಸರು ಆಚೆ ಹಜಾರದಲ್ಲಿ. ನಡುವೆ ಒಂದು ಪರದೆ. ನಾದಿನಿ ಮಗುವನ್ನು ಎತ್ತಿಕೊಂಡು ಬಂದು, "ನೋಡು, ನಿನ್ನ ಅಮ್ಮ," ಎಂದು ಚಿಕ್ಕವಳ ಮಡಿಲಲ್ಲಿ ಕೂರಿಸಿದಳು. ಮಗು ಗುಲಾಬಿ ಬಟ್ಟೆಯ ಅಂಚನ್ನು ಬಾಯಿಗಿಟ್ಟುಕೊಂಡಿತು.

ಹುಡುಗಿಯ ದೊಡ್ಡಪ್ಪ ಇಬ್ಬರು ಸಾಕ್ಷಿಗಳ ಜೊತೆ ಪರದೆಯ ಹತ್ತಿರ ಬಂದು ಕೇಳಿದರು. ಇಂಥವರ ಜೊತೆ, ಅವರು ಕೊಡುವ ಇಷ್ಟು ಮೆಹರಿಗೆ, ನಿನ್ನ ಒಪ್ಪಿಗೆ ಇದೆಯಾ? ಚಿಕ್ಕವಳು ತಲೆ ಎತ್ತಲಿಲ್ಲ. ಕೋಣೆಯಲ್ಲಿ ಮಗು ಬಟ್ಟೆ ಚೀಪುವ ಸದ್ದು ಮಾತ್ರ ಇತ್ತು.

"ನಾಚಿಕೆ," ಎಂದರು ದೊಡ್ಡಪ್ಪ. "ಕನ್ಯೆ ಸುಮ್ಮನಿದ್ರೆ ಅದೇ ಒಪ್ಪಿಗೆ. ನಡೀರಿ."

"ತಾಳಿ," ಎಂದ ದನಿ ನನ್ನದೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. "ಇದು ನಾಚಿಕೆ ಅಲ್ಲ ಅನ್ಸುತ್ತೆ. ಇನ್ನೊಂದು ಸಲ ಕೇಳಿ. ಬಾಯಿಬಿಟ್ಟು ಹೇಳ್ಲಿ."

ಹೆಂಗಸರೆಲ್ಲ ನನ್ನತ್ತ ತಿರುಗಿದರು. ಹಿಂದಿನಿಂದ ಯಾರೋ, "ಇವಳಿಗೇನು ಬಂತು?" ಎಂದರು. ಚೊಂಬಜ್ಜಿ ಕನ್ನಡಕ ಸರಿಮಾಡಿಕೊಂಡಳು.

ದೊಡ್ಡಪ್ಪ ಮತ್ತೆ ಕೇಳಿದರು. ಚಿಕ್ಕವಳು ಈಗ ತಲೆ ಎತ್ತಿ ನನ್ನನ್ನು ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ಹಜಾರಕ್ಕೂ ಕೇಳುವಂತೆ ಹೇಳಿದಳು.

"ಒಪ್ಪಿಗೆ."

ಅಂದಿನಿಂದ ಮಯ್ಯತ್ತಿನ ಕೆಲಸಕ್ಕೆ ನನ್ನನ್ನು ಕರೆಯುವುದು ನಿಂತಿತು. ನಾದಿನಿ ಮನೆಮನೆಗೆ ಹೋಗಿ ಹೇಳಿದಳಂತೆ, ಟೈಲರಮ್ಮ ಸತ್ತವರ ಮೈಮೇಲಿನದನ್ನು ಬೀದಿಯಲ್ಲಿ ಹೇಳುತ್ತಾಳೆ ಎಂದು. ಚೊಂಬಜ್ಜಿ ಈಗ ಬೇರೆಯವಳ ಜೊತೆ ಹೋಗುತ್ತಾಳೆ. "ನೀನು ನೋಡ್ದೆ, ಅದೇ ತಪ್ಪು," ಎಂದು ಒಂದು ದಿನ ದಾರಿಯಲ್ಲಿ ಬಯ್ದಳು. ಅವಳ ಮಾತು ಸರಿಯಿರಬಹುದೇ ಎಂದು ಮನೆಯವರೆಗೂ ಯೋಚಿಸಿದೆ.

ನಾಲ್ಕು ತಿಂಗಳು ಕಳೆದವು. ಸುಡುಬಿಸಿಲಿನ ಒಂದು ಮಧ್ಯಾಹ್ನ ಚಿಕ್ಕವಳು ಅಂಗಡಿಯ ಮೆಟ್ಟಿಲು ಹತ್ತಿದಳು. ಸೊಂಟದ ಮೇಲೆ ಮಗು, ಕೈಯಲ್ಲಿ ಚೀಲ. ಅವಳ ಹಳೆಯ ಮನೆಬಟ್ಟೆಗಳು.

"ಚಿಕ್ಕಮ್ಮ, ಇವಕ್ಕೂ ತೋಳು ಉದ್ದ ಮಾಡಿಕೊಡಿ."

ಚೀಲವನ್ನು ನಾನು ಮುಟ್ಟಲಿಲ್ಲ. ಎದ್ದು ಅಂಗಡಿಯ ಅರ್ಧ ಬಾಗಿಲು ಮುಚ್ಚಿ, ಅವಳ ಎಡತೋಳನ್ನು ಮೇಲೆ ಸರಿಸಿದೆ. ನನ್ನದೇ ಹೊಲಿಗೆ. ಬಿಗಿಯಾಗಿತ್ತು, ಸರಿಯಲು ಹೊತ್ತು ಹಿಡಿಯಿತು. ನಾಲ್ಕು, ಎದುರಿಗೆ ಒಂದು. ಒಂದೂ ಇನ್ನೂ ಹಳದಿಯಾಗಿರಲಿಲ್ಲ.

"ಮಗು ಅತ್ತಾಗ ನಾನು ಅಡ್ಡ ಹೋಗ್ತೀನಿ," ಎಂದಳು. ಲೆಕ್ಕ ಒಪ್ಪಿಸುವವಳ ಹಾಗೆ. "ಅದಕ್ಕೇ ಹೋಗಿದ್ದಲ್ವಾ ನಾನು."

"ತೋಳು ಉದ್ದ ಮಾಡಲ್ಲ," ಎಂದೆ. "ನಡಿ."

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಮೂವರೂ ಇಸ್ತ್ರಿಯಮ್ಮನ ಮನೆಗೆ ಹೋದೆವು. ನಾನು ಒಂದು ಮಾತೂ ಆಡಲಿಲ್ಲ, ಮಗಳ ತೋಳನ್ನು ತಾಯಿಯ ಮುಂದೆ ಎತ್ತಿ ಹಿಡಿದೆ ಅಷ್ಟೇ. ಮಯ್ಯತ್ತಿನ ತೋಳು ಎತ್ತುವ ಹಾಗೆಯೇ, ಕೆಳಗೆ ಅಂಗೈ ಕೊಟ್ಟು. ಬೇರೆ ಥರ ಎತ್ತಲು ನನ್ನ ಕೈಗೆ ಬರುವುದಿಲ್ಲ.

ಇಸ್ತ್ರಿಯಮ್ಮ ನೋಡಿದಳು. "ಗಂಡ ಹೆಂಡಿರ..." ಎಂದು ಅಭ್ಯಾಸಬಲದಿಂದ ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಎದ್ದು ಹೋಗಿ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಮಗುವನ್ನು ತೆಗೆದುಕೊಂಡು, ಮಡಚಿಟ್ಟ ಯಾರದೋ ಬಟ್ಟೆಗಳ ರಾಶಿಯ ಮೇಲೆ ಕೂರಿಸಿದಳು. ಮಗು ಬಿಸಿ ಬಟ್ಟೆಯನ್ನು ತಟ್ಟಿ ತಟ್ಟಿ ನೋಡಿತು.

ಸಂಜೆಯ ನಮಾಜಿಗೆ ಮುಂಚೆ ಅವನು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸಲಾಂ ಹೇಳಿ, ಮೆಲುದನಿಯಲ್ಲಿ, "ಮಗು ಅಳ್ತಾ ಇಲ್ಲ ತಾನೇ? ಕರ್ಕೊಂಡು ಹೋಗೋಣ ಅಂತ ಬಂದೆ," ಎಂದ. ಬಾಗಿಲಿಗೆ ಹತ್ತಿರ ಇದ್ದವಳು ನಾನೇ.

"ಅವರು ಬರಲ್ಲ," ಎಂದೆ. ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಅವನು ನಕ್ಕ. "ಸತ್ತೋರನ್ನ ತೊಳೆಯೋರಿಗೆ ಬದುಕಿರೋರ ಮನೇಲಿ ಏನು ಕೆಲಸ, ಟೈಲರಕ್ಕ?"

"ಇನ್ನೊಬ್ಬಳನ್ನ ತೊಳೆಯೋದು ಬೇಡ ಅಂತ."

ಒಳಗಿನಿಂದ ಇಸ್ತ್ರಿಯಮ್ಮ ಬಂದು ನನ್ನ ಪಕ್ಕ ನಿಂತಳು. ಅವನು ನಮ್ಮಿಬ್ಬರನ್ನೂ, ಕನ್ನಡಕಕ್ಕೆ ಅಳತೆ ತೆಗೆಯುವವನ ಹಾಗೆ, ಸ್ವಲ್ಪ ಹೊತ್ತು ನೋಡಿದ. ಮತ್ತೆ ಚಪ್ಪಲಿ ಮೆಟ್ಟಿಕೊಂಡು, "ಹಿರಿಯರನ್ನ ಕರ್ಕೊಂಡು ಬರ್ತೀನಿ," ಎಂದು ಮಸೀದಿಯ ಕಡೆಗೆ ಹೋದ. ಹಿರಿಯರು ಬರುತ್ತಾರೆ. ಅವರು ಏನು ಹೇಳುತ್ತಾರೆಂದು ನನಗೆ ಹೆಚ್ಚುಕಡಿಮೆ ಗೊತ್ತು. ಮೌಲವಿಗಳೂ ಬರಬಹುದು. ಆಗ ಅವರು ನೋಡಲಿ, ನೋಡಿಲ್ಲ ಎನ್ನುವುದಕ್ಕೆ ಆಗುವುದಿಲ್ಲ.

ಬಾಗಿಲು ಹಾಕಿ ಕುಳಿತೆವು. ಚಿಕ್ಕವಳು ಮಗುವಿನ ಪಕ್ಕದಲ್ಲೇ ನಿದ್ದೆ ಹೋಗಿದ್ದಳು. ಇಸ್ತ್ರಿಯಮ್ಮ ಅವಳನ್ನೇ ನೋಡುತ್ತ ಕೇಳಿದಳು.

"ಈಗಾದ್ರೂ ನಿಜ ಹೇಳು. ದೊಡ್ಡವಳ ಮುಖ ಹೇಗಿತ್ತು?"

ನಾನು ನೆನಪಿಸಿಕೊಳ್ಳಲು ನೋಡಿದೆ. ನೀರು, ಹಬೆ, ಕರ್ಪೂರದ ವಾಸನೆ, ಮೂರು ಜಡೆ ಎಲ್ಲವೂ ನೆನಪಿತ್ತು.

"ನೋಡಲಿಲ್ಲಕ್ಕ," ಎಂದೆ. "ನನ್ನ ಕಣ್ಣು ತೋಳಿನ ಮೇಲೇ ಇತ್ತು."